ಗ್ರಾಮಸಭೆಗೆ ಹೋಗೋಣ

"ನಾಳೆ ಗ್ರಾಮಸಭೆ!" ಅಂತ ಊರಲ್ಲಿ ಸಾರುತ್ತಾರೆ. ಗಂಡಸರು ಹೋಗ್ತಾರೆ ಬಿಡು ಅಂತ ನಾವು ಮನೆಯಲ್ಲೇ ಕೂರುತ್ತೇವೆ. ಆದರೆ ಮತದಾರರ ಪಟ್ಟಿಯಲ್ಲಿ ಹೆಸರಿರುವ ನಾವೆಲ್ಲರೂ ಗ್ರಾಮಸಭೆಯ ಸದಸ್ಯರು. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾನೂನು ಹಾಗೆ ಹೇಳುತ್ತದೆ. ಆರು ತಿಂಗಳಿಗೊಮ್ಮೆಯಾದರೂ ಈ ಸಭೆ ನಡೆಯಬೇಕು.

ಪಂಚಾಯಿತಿಗೆ ಬಂದ ಹಣವೆಷ್ಟು, ಖರ್ಚೆಷ್ಟು ಎಂದು ಇಲ್ಲಿ ಕೇಳಬಹುದು. ಸರ್ಕಾರದ ಮನೆ ಯಾರಿಗೆ ಎಂಬ ಪಟ್ಟಿಯೂ ಇಲ್ಲಿಗೇ ಬರುತ್ತದೆ. ಮನೆಯಿಲ್ಲದವರ ಹೆಸರು ಬಿಟ್ಟುಹೋಗಿದ್ದರೆ ಆಗಲೇ ಹೇಳಬೇಕು.

ಬರೀ ಹೇಳಿದರೆ ಸಾಲದು. "ನಲ್ಲಿಗೆ ನೀರು ಬರ್ತಿಲ್ಲ ಸಾರ್" ಅಂದರೆ "ಆಯ್ತಮ್ಮ, ನೋಡೋಣ" ಅಂತಾರೆ. ಆ "ನೋಡೋಣ" ಗಾಳಿಗೆ ಹೋಗುತ್ತೆ! ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಸಭೆಯ ಮಾತು, ತೀರ್ಮಾನ ಬರೆದಿಡುವ ಪುಸ್ತಕ ಅದು. ಬರೆದದ್ದನ್ನು ಓದಿ ನೋಡಿ, ಆಮೇಲೆ ರುಜು ಹಾಕೋಣ. ಮುಂದಿನ ಸಭೆಯಲ್ಲಿ ಅದೇ ಪುಟ ತೆಗೆಸಿ, "ನಲ್ಲಿ ಏನಾಯ್ತು ಸಾರ್?" ಅಂತ ಕೇಳೋಣ.