ಕೂಡಿಸಿ ಎರಡರಿಂದ ಭಾಗಿಸುವ ಮುನ್ನ

ಕಿರುಪರೀಕ್ಷೆಯ ಉತ್ತರ ಪತ್ರಿಕೆ ಮನೆಗೆ ಬಂದಿದೆ. ಹೈಸ್ಕೂಲು ಓದುವ ಮಗಳ ಮುಖ ಊದಿಕೊಂಡಿದೆ. ‘ನೋಡಪ್ಪ, ಎರಡು ಲೆಕ್ಕಾನೂ ಒಂದೇ ಥರ ಮಾಡಿದೀನಿ. ಒಂದಕ್ಕೆ ಸರಿ ಹಾಕಿದಾರೆ, ಇನ್ನೊಂದಕ್ಕೆ ಸೊನ್ನೆ ಕೊಟ್ಟಿದಾರೆ!’ ಅಪ್ಪ ಕನ್ನಡಕ ಹಾಕಿಕೊಂಡು ನೋಡುತ್ತಾರೆ. ಎರಡರಲ್ಲೂ ಕೇಳಿರುವುದು ಸರಾಸರಿ ವೇಗ. ಎರಡರಲ್ಲೂ ಮಗಳು ಕೊಟ್ಟಿರುವ ಎರಡು ವೇಗಗಳನ್ನು ಕೂಡಿಸಿ, ಎರಡರಿಂದ ಭಾಗಿಸಿದ್ದಾಳೆ. ‘ಮೇಷ್ಟ್ರು ಅವಸರದಲ್ಲಿ ತಿದ್ದಿರಬೇಕು. ನಾಳೆ ಹೋಗಿ ಕೇಳು’ ಎಂದುಬಿಡುತ್ತಾರೆ.

ಯಾವ ಮನೆಯಲ್ಲಾದರೂ ನಡೆಯಬಹುದಾದ ದೃಶ್ಯ ಇದು. ಆದರೆ ಮೇಷ್ಟ್ರು ತಿದ್ದಿರುವುದು ಸರಿಯಾಗಿಯೇ ಇದೆ. ಒಂದೇ ವಿಧಾನ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಆಗುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಗೊತ್ತಾದರೆ ಚಲನೆಯ ಪಾಠದ ಅರ್ಧ ಭಾಗ ಗೊತ್ತಾದಂತೆ.

ಸೊನ್ನೆ ಸಿಕ್ಕಿದ ಲೆಕ್ಕ

ಮೊದಲು ಸೊನ್ನೆ ಬಂದ ಲೆಕ್ಕವನ್ನೇ ನೋಡೋಣ. ಒಂದು ಬಸ್ಸು ನೇರ ರಸ್ತೆಯಲ್ಲಿ 120 ಕಿ.ಮೀ. ಹೋಗಬೇಕು. ಮೊದಲ 60 ಕಿ.ಮೀ. ದೂರವನ್ನು ಗಂಟೆಗೆ 40 ಕಿ.ಮೀ. ವೇಗದಲ್ಲಿ, ಉಳಿದ 60 ಕಿ.ಮೀ. ದೂರವನ್ನು ಗಂಟೆಗೆ 60 ಕಿ.ಮೀ. ವೇಗದಲ್ಲಿ ಕ್ರಮಿಸುತ್ತದೆ. ಸರಾಸರಿ ವೇಗ ಎಷ್ಟು? ಹುಡುಗಿ ಬರೆದ ಉತ್ತರ 50.

ಸರಾಸರಿ ವೇಗ ಎಂದರೆ ಒಟ್ಟು ದೂರವನ್ನು ಒಟ್ಟು ಕಾಲದಿಂದ ಭಾಗಿಸಿದಾಗ ಬರುವ ಸಂಖ್ಯೆ. (ದಾರಿ ನೇರವಾಗಿದ್ದು, ದಿಕ್ಕು ಬದಲಾಗದಿದ್ದಾಗ ಹೀಗೆ ಹೇಳಬಹುದು.) ಮೊದಲರ್ಧ ದಾರಿಗೆ ಒಂದೂವರೆ ಗಂಟೆ ಹಿಡಿಯಿತು, ಉಳಿದರ್ಧಕ್ಕೆ ಒಂದು ಗಂಟೆ. ಒಟ್ಟು ಎರಡೂವರೆ ಗಂಟೆಯಲ್ಲಿ 120 ಕಿ.ಮೀ. ಅಂದರೆ ಗಂಟೆಗೆ 48 ಕಿ.ಮೀ. ಬಸ್ಸು ನಿಧಾನವಾಗಿ ಹೋದದ್ದೇ ಹೆಚ್ಚು ಹೊತ್ತು. ಆದ್ದರಿಂದ ಸರಾಸರಿಯು 40ರ ಕಡೆಗೆ ವಾಲಿತು. ಸರಾಸರಿಯನ್ನು ತೀರ್ಮಾನಿಸುವುದು ಎಷ್ಟು ದೂರ ಹೋದೆವು ಎಂಬುದಲ್ಲ, ಯಾವ ವೇಗದಲ್ಲಿ ಎಷ್ಟು ಹೊತ್ತು ಇದ್ದೆವು ಎಂಬುದು.

ಸರಿಯಾದ ಲೆಕ್ಕ

ಇನ್ನು ಎರಡನೆಯದು. ಸೆಕೆಂಡಿಗೆ 4 ಮೀಟರ್ ವೇಗದಲ್ಲಿದ್ದ ಸ್ಕೂಟರು ಏಕರೂಪ ವೇಗೋತ್ಕರ್ಷದಿಂದ 4 ಸೆಕೆಂಡುಗಳಲ್ಲಿ ಸೆಕೆಂಡಿಗೆ 12 ಮೀಟರ್ ವೇಗ ಮುಟ್ಟುತ್ತದೆ. ಸರಾಸರಿ ವೇಗ? 4ಕ್ಕೆ 12 ಕೂಡಿಸಿ ಎರಡರಿಂದ ಭಾಗಿಸಿದರೆ 8. ಇದು ಸರಿ.

ಏಕೆ ಸರಿ? ‘ಏಕರೂಪ’ ಎಂಬ ಒಂದು ಪದದ ಕಾರಣಕ್ಕೆ. ಪ್ರತಿ ಸೆಕೆಂಡಿಗೂ ವೇಗ ಒಂದೇ ಪ್ರಮಾಣದಲ್ಲಿ, ಇಲ್ಲಿ ಎರಡೆರಡರಂತೆ, ಏರುತ್ತದೆ ಎಂದು ಅದರ ಅರ್ಥ. ಸೆಕೆಂಡು ಸೆಕೆಂಡಿಗೆ ವೇಗವನ್ನು ಬರೆದುಕೊಳ್ಳಿ: 4, 6, 8, 10, 12. ಈಗ ಮೊದಲನೆಯದನ್ನು ಕೊನೆಯದರೊಂದಿಗೆ ಜೋಡಿ ಮಾಡಿ: 4 ಮತ್ತು 12, ಸರಾಸರಿ 8. ಎರಡನೆಯದನ್ನು ನಾಲ್ಕನೆಯದರೊಂದಿಗೆ: 6 ಮತ್ತು 10, ಸರಾಸರಿ ಮತ್ತೆ 8. ನಡುವೆ ಉಳಿದದ್ದು 8. ಮೊದಲರ್ಧ ಕಾಲದಲ್ಲಿ ವೇಗ ಎಷ್ಟು ಕಡಿಮೆ ಬಿತ್ತೋ ಅಷ್ಟನ್ನೇ ಉಳಿದರ್ಧ ಕಾಲ ತುಂಬಿಕೊಡುತ್ತದೆ. ಆದ್ದರಿಂದ ಸ್ಕೂಟರು 4 ಸೆಕೆಂಡುಗಳಲ್ಲಿ ಸಾಗಿದ ದೂರ 8 × 4 = 32 ಮೀಟರ್.

ಈಗ ಆ ಒಂದು ಪದವನ್ನು ತೆಗೆದುಹಾಕಿ ನೋಡಿ. ಅದೇ ಸ್ಕೂಟರು ಮೊದಲ ಸೆಕೆಂಡಿನಲ್ಲೇ ಒಂದೇ ಸಮನೆ ಏರಿ 4ರಿಂದ 12ಕ್ಕೆ ಮುಟ್ಟಿ, ಉಳಿದ ಮೂರು ಸೆಕೆಂಡು 12ರಲ್ಲೇ ಓಡಿತು ಎನ್ನೋಣ. ಆರಂಭಿಕ ವೇಗ ಅದೇ, ಅಂತಿಮ ವೇಗ ಅದೇ, ಕಾಲವೂ ಅದೇ. ಆದರೆ ದೂರ? ಮೊದಲ ಸೆಕೆಂಡಿನಲ್ಲಿ 8 ಮೀಟರ್, ಆಮೇಲೆ 36 ಮೀಟರ್, ಒಟ್ಟು 44. ಸರಾಸರಿ ವೇಗ 11. ಕೂಡಿಸಿ ಭಾಗಿಸುವ ಸೂತ್ರ ಇಲ್ಲಿ ಕೈಕೊಡುತ್ತದೆ.

ಒಂದು ಎಚ್ಚರಿಕೆ. ಏಕರೂಪ ವೇಗೋತ್ಕರ್ಷದಲ್ಲಿ ಸರಾಸರಿ ವೇಗ ಕಾಣಿಸಿಕೊಳ್ಳುವುದು ಕಾಲದ ನಡುಮಧ್ಯದಲ್ಲಿ, ದಾರಿಯ ನಡುಮಧ್ಯದಲ್ಲಲ್ಲ. ನಮ್ಮ ಮೊದಲಿನ ಸ್ಕೂಟರು 8ರ ವೇಗ ಮುಟ್ಟಿದ್ದು ಎರಡನೇ ಸೆಕೆಂಡಿನ ಕೊನೆಯಲ್ಲಿ. ಆಗ ಅದು ಸಾಗಿದ್ದು 12 ಮೀಟರ್ ಮಾತ್ರ. 32 ಮೀಟರಿನ ಅರ್ಧ ದಾರಿ, ಅಂದರೆ 16 ಮೀಟರ್ ಮುಟ್ಟುವ ಹೊತ್ತಿಗೆ ಅದರ ವೇಗ ಸುಮಾರು 8.9 ಆಗಿರುತ್ತದೆ.

ಗೆಲಿಲಿಯೊಗಿಂತ ಹಿಂದೆ

ಈ ಸರಳ ಸಂಗತಿಯನ್ನು ಕಂಡುಕೊಳ್ಳಲು ಮನುಷ್ಯನಿಗೆ ಬಹಳ ಕಾಲ ಬೇಕಾಯಿತು. ಇಂಗ್ಲೆಂಡಿನ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನಲ್ಲಿ 14ನೇ ಶತಮಾನದಲ್ಲಿ ಕೆಲವು ವಿದ್ವಾಂಸರು ಇದನ್ನು ಚರ್ಚಿಸಿದರು. ಅವರಲ್ಲೊಬ್ಬ ವಿಲಿಯಂ ಹೇಟ್ಸ್‌ಬರಿ. 1335ರ ತನ್ನ ಗ್ರಂಥದಲ್ಲಿ ಆತ ಈ ನಿಯಮವನ್ನು ಹೇಳಿದ: ಒಂದೇ ಸಮನೆ ವೇಗ ಹೆಚ್ಚಿಸಿಕೊಳ್ಳುವ ವಸ್ತು ಸಾಗುವ ದೂರ, ನಡುಗಾಲದ ವೇಗದಲ್ಲೇ ಉದ್ದಕ್ಕೂ ಸಾಗಿದ್ದರೆ ಎಷ್ಟೋ ಅಷ್ಟೇ. ಅವರ ಬಳಿ ಸೆಕೆಂಡು ತೋರಿಸುವ ಗಡಿಯಾರವಿರಲಿಲ್ಲ. ಎಲ್ಲವೂ ತರ್ಕದ ಬಲದಿಂದ.

ಅದೇ ಶತಮಾನದಲ್ಲಿ ಫ್ರಾನ್ಸಿನ ನಿಕೋಲ್ ಒರೆಸ್ಮ್ ಇದಕ್ಕೆ ಚಿತ್ರದ ರೂಪ ಕೊಟ್ಟ. ಅಡ್ಡಗೆರೆಯಲ್ಲಿ ಕಾಲ, ಲಂಬಗೆರೆಯಲ್ಲಿ ವೇಗ. ವೇಗ ಒಂದೇ ಸಮನೆ ಏರಿದರೆ ಮೇಲಿನ ಗೆರೆ ಓರೆಯಾದ ಸರಳರೇಖೆ. ಅದರ ಕೆಳಗಿನ ಆಕೃತಿಯ ವಿಸ್ತೀರ್ಣವೇ ದೂರ. ಓರೆಗೆರೆಯ ಮಧ್ಯಬಿಂದುವಿನಲ್ಲಿ ಅಡ್ಡಲಾಗಿ ಒಂದು ಗೆರೆ ಎಳೆದರೆ, ಮೇಲೆ ಉಳಿದ ಪುಟ್ಟ ತ್ರಿಭುಜ ಕೆಳಗೆ ಖಾಲಿ ಬಿದ್ದ ತ್ರಿಭುಜದಲ್ಲಿ ಸರಿಯಾಗಿ ಕೂರುತ್ತದೆ. ಹಾಳೆಯಲ್ಲಿ ಬರೆದು ಕತ್ತರಿಸಿ ನೋಡಿ, ಸೂತ್ರ ಕಣ್ಣಿಗೇ ಕಾಣುತ್ತದೆ.

ಆಮೇಲೆ ಬಂದವನು ಗೆಲಿಲಿಯೊ. ಓರೆಯಾಗಿಟ್ಟ ಮರದ ಹಲಗೆಯ ಗಾಡಿಯಲ್ಲಿ ಕಂಚಿನ ಗುಂಡು ಉರುಳಿಸಿ, ಪಾತ್ರೆಯಿಂದ ಸಣ್ಣಗೆ ಸುರಿದ ನೀರನ್ನು ತೂಗಿ ಕಾಲವನ್ನು ಅಳೆದ. 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ನಿಯಮವನ್ನೇ ಬುನಾದಿಯಾಗಿಟ್ಟುಕೊಂಡು ಬೀಳುವ ವಸ್ತುಗಳ ಲೆಕ್ಕ ಬಿಡಿಸಿದ. ಅದನ್ನು ನೀವೂ ಬಿಡಿಸಬಹುದು. ಗಾಳಿಯ ತಡೆ ಇಲ್ಲವೆಂದುಕೊಂಡರೆ, ಬೀಳುವ ಕಲ್ಲಿನ ವೇಗ ಪ್ರತಿ ಸೆಕೆಂಡಿಗೆ 9.8 ಮೀಟರಿನಷ್ಟು ಏರುತ್ತದೆ. ಮೊದಲ ಸೆಕೆಂಡಿನಲ್ಲಿ ಸರಾಸರಿ 4.9, ಎರಡನೆಯದರಲ್ಲಿ 14.7, ಮೂರನೆಯದರಲ್ಲಿ 24.5. ಸೆಕೆಂಡಿಗೊಮ್ಮೆ ಬಿದ್ದ ದೂರಗಳ ಪ್ರಮಾಣ 1, 3, 5! ಬೆಸ ಸಂಖ್ಯೆಗಳ ಸಾಲು ಬರೀ ಸರಾಸರಿಯಿಂದಲೇ ಹೊರಬಂತು.

ರಸ್ತೆಯ ಮೇಲಿನ ಲೆಕ್ಕ

‘ಪರೀಕ್ಷೆ ಮುಗಿದ ಮೇಲೆ ಇದರಿಂದ ಏನು ಉಪಯೋಗ?’ ಎಂದು ಕೇಳುವ ಮಕ್ಕಳಿಗೆ, ಮಕ್ಕಳ ಕೈಗೆ ಬೈಕಿನ ಕೀಲಿ ಕೊಡಲಿರುವ ತಂದೆತಾಯಿಯರಿಗೆ ಇನ್ನೊಂದು ಲೆಕ್ಕವಿದೆ.

ಬ್ರೇಕು ಹಾಕಿದ ವಾಹನದ ವೇಗ ಪ್ರತಿ ಸೆಕೆಂಡಿಗೆ 5 ಮೀಟರಿನಷ್ಟು ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ನಿಲ್ಲಲು 2 ಸೆಕೆಂಡು, ಸರಾಸರಿ ವೇಗ 5, ದೂರ 10 ಮೀಟರ್. ವೇಗ ಇಮ್ಮಡಿಯಾದರೆ, ಅಂದರೆ ಗಂಟೆಗೆ 72 ಕಿ.ಮೀ. ಆದರೆ? ನಿಲ್ಲಲು 4 ಸೆಕೆಂಡು, ಸರಾಸರಿ ವೇಗ 10, ದೂರ 40 ಮೀಟರ್. ವೇಗ ಎರಡು ಪಟ್ಟು, ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. ಏಕೆಂದರೆ ಕಾಲವೂ ಇಮ್ಮಡಿ, ಸರಾಸರಿ ವೇಗವೂ ಇಮ್ಮಡಿ.

ಕಣ್ಣು ಕಂಡದ್ದನ್ನು ಕಾಲು ಬ್ರೇಕಿಗೆ ಮುಟ್ಟಿಸಲು ಒಂದು ಸೆಕೆಂಡು ಬೇಕು ಎಂದೂ ಸೇರಿಸಿಕೊಳ್ಳಿ. ಆ ಒಂದು ಸೆಕೆಂಡಿನಲ್ಲಿ ನಿಧಾನದ ವಾಹನ 10 ಮೀಟರ್ ಸಾಗಿ, ಇನ್ನು 10 ಮೀಟರಿನಲ್ಲಿ ನಿಲ್ಲುತ್ತದೆ. ಒಟ್ಟು 20 ಮೀಟರ್. ವೇಗದ ವಾಹನ ಅದೇ ಒಂದು ಸೆಕೆಂಡಿನಲ್ಲೇ 20 ಮೀಟರ್ ದಾಟಿರುತ್ತದೆ. ಅಂದರೆ, ಮೊದಲನೆಯದು ಪೂರ್ತಿ ನಿಂತ ಜಾಗಕ್ಕೆ ಬಂದಾಗ ಎರಡನೆಯದು ಬ್ರೇಕನ್ನು ಮುಟ್ಟಿಯೂ ಇರುವುದಿಲ್ಲ. ಅದರ ವೇಗ ಇನ್ನೂ 72! ರಸ್ತೆಗೆ ಅಡ್ಡ ಓಡಿಬಂದ ಮಗು ಆ ಜಾಗದಲ್ಲಿದ್ದರೆ ಏನಾದೀತೆಂದು ಹೇಳಬೇಕಾಗಿಲ್ಲ.

ಸೂತ್ರ ಬಾಯಿಪಾಠವಾಗಿದ್ದರೆ ಸಂತೋಷವೇ. ಆದರೆ ಕೂಡಿಸಿ ಎರಡರಿಂದ ಭಾಗಿಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳುವ ಅಭ್ಯಾಸವಿರಲಿ: ಇಲ್ಲಿ ವೇಗ ಉದ್ದಕ್ಕೂ ಒಂದೇ ಸಮನೆ ಬದಲಾಗುತ್ತಿದೆಯೇ? ಹೌದಾದರೆ ಧೈರ್ಯವಾಗಿ ಕೂಡಿಸಿ ಭಾಗಿಸಿ. ಅಲ್ಲವಾದರೆ ಒಟ್ಟು ದೂರ, ಒಟ್ಟು ಕಾಲ ಎಂಬ ಮೂಲ ಅರ್ಥಕ್ಕೆ ಹಿಂದಿರುಗಿ.

ತಂದೆತಾಯಂದಿರಿಗೂ ಒಂದು ಮಾತು. ಉತ್ತರ ಪತ್ರಿಕೆಗೆ ಸಹಿ ಹಾಕುವಾಗ ಅಂಕ ಏಕೆ ಹೋಯಿತೆಂದು ಗದರಬೇಡಿ, ಮೇಷ್ಟ್ರನ್ನು ದೂರಲೂ ಬೇಡಿ. ‘ಈ ಲೆಕ್ಕದಲ್ಲಿ ಬಸ್ಸು ಯಾವ ವೇಗದಲ್ಲಿ ಎಷ್ಟು ಹೊತ್ತು ಇತ್ತು, ಹೇಳು ನೋಡೋಣ’ ಎಂದು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೋದ ಅಂಕ ವಾಪಸು ಬರಲಾರದು. ಆದರೆ ಆ ತಪ್ಪು ಅವಳಿಂದ ಇನ್ನೊಮ್ಮೆ ಆಗುವುದಿಲ್ಲ.