ಕರೆಂಟು ಕೂಡುವ ಲೆಕ್ಕ

ಗುಬ್ಬಿ, ಕುಣಿಗಲ್ ಕಡೆಯ ತೋಟದ ಮನೆಗಳಲ್ಲಿ ನಾನು ಕಂಡದ್ದು: ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆ ಎರಡೂ. ಫ್ಯೂಸ್ ಹೋದರೆ ದಪ್ಪ ತಂತಿ ಸುತ್ತಿಬಿಡೋದು. ಬೆಂಕಿಯ ಭಯ ಅಲ್ಲೇ.

ಈ ಜೋಡಣೆಗೆ ಸಮಾಂತರ ಎನ್ನುತ್ತಾರೆ. ಎರಡಕ್ಕೂ ಸಿಗುವುದು ಅದೇ 230 ವೋಲ್ಟ್. ವೋಲ್ಟನ್ನು ರೋಧದಿಂದ ಭಾಗಿಸಿದರೆ ಕರೆಂಟು. 1000 ವ್ಯಾಟಿನ ಕಾಯಿಲಿನ ರೋಧ ಸುಮಾರು 53 ಓಮ್, ಕರೆಂಟು 4.3 ಆಂಪಿಯರ್. 750 ವ್ಯಾಟಿನ ಇಸ್ತ್ರಿಪೆಟ್ಟಿಗೆಗೆ 70.5 ಓಮ್, 3.3 ಆಂಪಿಯರ್. ಕೂಡಿದರೆ 7.6.

ಕೆರೆಗೆ ಎರಡನೇ ತೂಬು ತೆಗೆದ ಹಾಗೆ. ಮೊದಲನೆಯದು ಹರಿಯುತ್ತಲೇ ಇರುತ್ತೆ, ಒಟ್ಟು ಹೊರಹೋಗುವುದು ಹೆಚ್ಚುತ್ತೆ.

ಸಣ್ಣ ಪ್ಲಗ್ಗಿನ ಮಿತಿ 6 ಆಂಪಿಯರ್. ಒಂದೊಂದೇ ಹಾಕಿದರೆ ಸರಿ, ಎರಡೂ ಹಾಕಿದರೆ ಮಿತಿ ಮೀರಿತು. ಕರೆಂಟು ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟು. ಗೋಡೆಯೊಳಗಿನ ತಂತಿ ಸುಡುವ ಮೊದಲೇ ಫ್ಯೂಸ್ ಕರಗಬೇಕು. ದಪ್ಪ ತಂತಿ ಕರಗುವುದಿಲ್ಲ.

ಸುಲಭ ದಾರಿ: ವ್ಯಾಟ್ ಎಲ್ಲ ಕೂಡಿ 230ರಿಂದ ಭಾಗಿಸಿ. ಪಂಪಿನ ಮೋಟರಿಗೆ ಈ ಲೆಕ್ಕ ಸಾಲದು. ಅದರ ತಗಡಿನ ಮೇಲಿನ ಆಂಪಿಯರ್ ನೋಡಿ.

ತುಮಕೂರಿಗೆ ಹೋದಾಗ ಆಂಪಿಯರ್ ಹೇಳಿಯೇ ಫ್ಯೂಸ್ ತಂತಿ ಕೊಳ್ಳಿ. ಕಾಯಿಲಿಗೆ 16 ಆಂಪಿಯರಿನ ಪ್ಲಗ್ಗು, ಬೇರೆ ತಂತಿ ಹಾಕಿಸಿ.