ಮಂಗನ ಕಾಯಿಲೆಗೆ ಅನಿಮೇಷನ್: ಮೊದಲ ಫ್ರೇಮ್‌ನಲ್ಲಿ ಯಾರಿರಬೇಕು?

ಮಲೆನಾಡಿನ ಶಾಲಾ ಮಕ್ಕಳಿಗೆ ಮಂಗನ ಕಾಯಿಲೆ ಬಗ್ಗೆ ಅನಿಮೇಷನ್ ಮಾಡ್ಬೇಕು. ಮೊದಲ ಫ್ರೇಮ್‌ನಲ್ಲಿ ಯಾರು? ಮಂಗ ಅಂತೀರಾ? ಬೇಡ. ಪಾಪ, ಮಂಗವೂ ಇದೇ ರೋಗಕ್ಕೆ ಸಾಯುತ್ತೆ. ಅದನ್ನ ವಿಲನ್ ಮಾಡಿದ್ರೆ ನಾಳೆ ಮಕ್ಕಳು ಕಲ್ಲು ಎತ್ಕೊಳ್ತಾರೆ.

ಈ ಕಾಯಿಲೆಯ ವೈರಸ್ ಪತ್ತೆಯಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ನಮಗೆ ಅದನ್ನ ದಾಟಿಸೋದು ಉಣ್ಣೆ, ಅಂದ್ರೆ ಉಣುಗು.

ಡಿಸೈನ್‌ನ ಅಸಲಿ ಸವಾಲು ಅದರ ಗಾತ್ರ. ಮನುಷ್ಯರಿಗೆ ಹೆಚ್ಚಾಗಿ ಕಚ್ಚೋದು ಮರಿ ಉಣ್ಣೆ, ಸಾಸಿವೆ ಕಾಳಿಗಿಂತ ಚಿಕ್ಕದು. ಶುರುವಿಗೇ ಸ್ಕ್ರೀನ್ ತುಂಬ ತೋರಿಸಿದ್ರೆ ಮಗು ಕಾಡಲ್ಲಿ ದೊಡ್ಡ ಹುಳಾನೇ ಹುಡುಕುತ್ತೆ. ಹಾಗಾಗಿ ಮೊದಲು ತರಗೆಲೆ ತುಳಿದು ನಡೆಯೋ ಹುಡುಗಿಯ ಕಾಲು. ಹಿಮ್ಮಡಿ ಮೇಲೊಂದು ಕಂದು ಚುಕ್ಕೆ. ಚುಕ್ಕೆ ಮೆಲ್ಲಗೆ ಮೇಲಕ್ಕೆ ಸರಿಯಲಿ. ಹಿನ್ನೆಲೆ ಸಂಗೀತ ನಿಲ್ಲಿಸಿ. ಆಮೇಲೆ ಝೂಮ್. ಕಾಲು ಎಂಟೇ ಬರೀರಿ, ಆರಲ್ಲ. ಉಣ್ಣೆ ಜೇಡದ ಬಳಗದ್ದು.

ಸತ್ತ ಮಂಗವನ್ನ ದೂರದಿಂದಷ್ಟೇ ತೋರಿಸಿ. ಅದರ ಮೈಯಿಂದ ಇಳಿದ ಉಣ್ಣೆಗಳು ಸುತ್ತಮುತ್ತ ಇರ್ತವೆ. ಹುಡುಗಿ ಅಲ್ಲಿಂದಲೇ ವಾಪಸ್ ಓಡಿ, "ಅಪ್ಪಯ್ಯ, ತೋಟದಾಚೆ ಮಂಗ ಸತ್ತು ಬಿದ್ದಿದೆ. ಆಶಾ ಅಕ್ಕನಿಗೆ ಹೇಳೋಣ ಬಾ" ಅನ್ನಲಿ.

ಜ್ವರದ ದೃಶ್ಯದಲ್ಲಿ ಅಮ್ಮ ಪಕ್ಕದಲ್ಲೇ ಕೂತಿರಲಿ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡಿದ್ದಕ್ಕೆ ಪುರಾವೆ ಇಲ್ಲ. ಕಾಯಿಲೆ ಬಿದ್ದವರನ್ನ ದೂರ ಇಡೋದನ್ನ ಮಕ್ಕಳು ನಮ್ಮ ಚಿತ್ರದಿಂದ ಕಲೀಬಾರದು.

ಕಾಯಿಲೆ ಜೋರಾಗೋದು ಡಿಸೆಂಬರ್‌ನಿಂದ ಮೇವರೆಗೆ. ನೀವು ಮಾಡೋ ವಿಡಿಯೊ ದೀಪಾವಳಿ ರಜೆ ಮುಗಿಯೋದರೊಳಗೆ ಶಾಲೆಗಳಿಗೆ ತಲುಪಲಿ.